ದರೋಜಿ ಈರಮ್ಮನ ಕುಮಾರರಾಮ

ಹಂಪಿಗೆ ಬಂದವರಿಗೆ ದರೋಜಿ ಎಂದರೆ ಕರಡಿಧಾಮ. ಕಥೆ ಕೇಳುವ ಹುಚ್ಚು ಹಿಡಿದವರಿಗೆ ಸಂಡೂರು ತಾಲ್ಲೂಕಿನ ಆ ಊರು ಎಂದರೆ ಬುರ್ರಕಥಾ ಈರಮ್ಮ.

ಬುಡ್ಗಜಂಗಮರ ಹೆಣ್ಣುಮಗಳು. ಆ ಸಮುದಾಯದ ಮನೆಮಾತು ತೆಲುಗು, ಈರಮ್ಮ ಕಥೆ ಕಟ್ಟಿದ್ದು ಕನ್ನಡದಲ್ಲಿ. ಓದು ಬರಹ ಬಾರದ ಆಕೆ ಎಳೆಯ ವಯಸ್ಸಿನಲ್ಲೇ ಅಪ್ಪ ಲಾಲಪ್ಪನ ಬಾಯಿಂದ ಕೇಳಿ ಕಲಿತರು. 12 ಕಾವ್ಯಗಳು ಕಂಠದಲ್ಲಿದ್ದವು. ಅಚ್ಚಿಗಿಳಿಸಿದರೆ ಸುಮಾರು 7000 ಪುಟ.

ಇಷ್ಟೊಂದು ನೆನಪಿಟ್ಟುಕೊಂಡದ್ದು ಹೇಗೆ ಎಂದು ಎಲ್ಲರೂ ಬೆರಗಾಗುತ್ತಾರೆ. ಬಾಯಿಪಾಠ ಎಂಬ ಉತ್ತರ ನನಗೆ ಸಾಲದು. ಇಂಥ ಕಥೆಗಾರರು ಕಥೆಯನ್ನು ಸಾಲುಸಾಲಾಗಿ ಅಲ್ಲ, ಸಂಬಂಧಗಳ ಮೂಲಕ ಹಿಡಿದಿರುತ್ತಾರೆ ಎಂಬುದು ನನ್ನ ನಂಬಿಕೆ. ಯಾರು ಯಾರ ಮಗ, ಯಾರಿಗೆ ಯಾರು ಸವತಿ, ಯಾರ ಮಾತಿಗೆ ಯಾರು ಮುನಿದರು ಎಂಬುದು ಗಟ್ಟಿಯಾಗಿದ್ದರೆ ಪದ ತಾನಾಗಿ ನಾಲಿಗೆಗೆ ಬರುತ್ತದೆ.

ಆಕೆಯ ಕುಮಾರರಾಮನ ಕಥೆಯನ್ನೇ ತೆಗೆದುಕೊಳ್ಳಿ. ಇದು ನಮ್ಮ ನೆಲದ್ದೇ ಕಥೆ. ಕಂಪ್ಲಿಯ ಅರಸ ಕಂಪಿಲರಾಯ, ಅವನ ಮಗ ರಾಮ. 1327ರಲ್ಲಿ ಮಹಮ್ಮದ್ ಬಿನ್ ತುಘಲಕನ ಸೈನ್ಯದೆದುರು ಆ ರಾಜ್ಯ ಬಿತ್ತು ಎಂದು ಹೇಳಿ ಇತಿಹಾಸ ಮುಂದೆ ಹೋಗುತ್ತದೆ. ಜನಪದ ಅಲ್ಲಿಂದ ಕದಲುವುದಿಲ್ಲ, ಅದು ಅರಮನೆಯ ಒಳಗಿನ ಜಗಳಕ್ಕೆ ಕಿವಿಗೊಡುತ್ತದೆ. ಆಟದ ಚೆಂಡು ಕಿರಿಯ ರಾಣಿ ರತ್ನಾಜಿಯ ಅಂಗಳಕ್ಕೆ ಬೀಳುತ್ತದೆ. ತರಲು ಹೋದ ಮಲಮಗನನ್ನು ಆಕೆ ಬಯಸುತ್ತಾಳೆ. ಅವನು ‘ತಾಯಿ’ ಎನ್ನುತ್ತಾನೆ. ಅವಳು ದೂರು ಹೇಳುತ್ತಾಳೆ, ಅಪ್ಪ ವಿಚಾರಿಸದೆ ಮಗನ ತಲೆ ಕಡಿಯಲು ಹೇಳುತ್ತಾನೆ. ಮಂತ್ರಿ ಬೈಚಪ್ಪ ಬಚ್ಚಿಡದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಶತ್ರು ಬಾಗಿಲಿಗೆ ಬಂದಾಗ, ತನ್ನನ್ನು ಕೊಲ್ಲಲು ಹೇಳಿದ ಅಪ್ಪನ ಊರು ಉಳಿಸಲು ಅದೇ ಮಗ ಕತ್ತಿ ಹಿಡಿದು ಹೊರಬರುತ್ತಾನೆ.

ಓದುವಾಗ ಇದು ವೀರಗಾಥೆ. ಬುರ್ರಕಥೆಯಲ್ಲಿ ಕೇಳಿದರೆ ಮನೆಯ ಪಂಚಾಯ್ತಿ. ತಂಬೂರಿ ಹಿಡಿದ ಮುಖ್ಯ ಕಥೆಗಾರ್ತಿ ಕಥೆ ನಡೆಸುತ್ತಾಳೆ. ಪಕ್ಕದವರು ಹೂಂಗುಟ್ಟುತ್ತಾರೆ, ದನಿಗೂಡಿಸುತ್ತಾರೆ, ನಡುವೆ ತಡೆದು ‘ಯಾಕ, ಏನಾತು’ ಎನ್ನುತ್ತಾರೆ. ಆ ಪ್ರಶ್ನೆ ಕೇಳುವವರ ಮನಸ್ಸಿನದೇ. ಈರಮ್ಮನ ಪಕ್ಕದಲ್ಲಿ ನಿಲ್ಲುತ್ತಿದ್ದ ಶಿವಮ್ಮ, ಪಾರ್ವತಮ್ಮ ಇಬ್ಬರೂ ಆಕೆಯ ಬಂಧುಗಳೇ. ಒಂದು ಮನೆ ಒಡೆದ ಕಥೆಯನ್ನು ಒಂದೇ ಮನೆಯ ಹೆಂಗಸರು ಸೇರಿ ಹೇಳಿದಾಗ ಅದಕ್ಕೆ ಬರುವ ಕಾವು ಯಾವ ಗ್ರಂಥಕ್ಕೂ ಬರದು. ರತ್ನಾಜಿಯನ್ನು ಬರಿಯ ಕೆಟ್ಟವಳೆಂದು ತಳ್ಳಿಬಿಡುವುದೂ ಆಗ ಸುಲಭವಲ್ಲ. ಮುದುಕನ ಮನೆ ತುಂಬಿದ ಎಳೆಯ ಹೆಣ್ಣಿನ ಪಾಡು ಅಂಗಳದಲ್ಲಿ ಕೂತ ಎಷ್ಟೋ ಹೆಂಗಸರಿಗೆ ಗೊತ್ತಿರುವುದೇ.

ಈರಮ್ಮನಿಗೆ 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು. ಮುಂದೆ ಹಂಪಿ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ನೀಡಿತು, ಆಕೆಯ ಕಾವ್ಯಗಳು ಪುಸ್ತಕಗಳಾದವು. ಆ ಕೆಲಸ ದೊಡ್ಡದು. ಆದರೆ ಹೂಂಗುಟ್ಟುವವರ ದನಿ ಪುಟದಲ್ಲಿ ಸಿಗುವುದಿಲ್ಲ.

ಈರಮ್ಮ 2014ರ ಆಗಸ್ಟ್ 12ರಂದು ತೀರಿಕೊಂಡರು. ಹೊಸಪೇಟೆ, ಕಂಪ್ಲಿ, ಸಂಡೂರಿನ ಜಾತ್ರೆ ಸಮಿತಿಯವರಲ್ಲಿ ನನ್ನದೊಂದು ಕೋರಿಕೆ: ಆರ್ಕೆಸ್ಟ್ರಾಕ್ಕೆ ಕೊಡುವ ಹಣದಲ್ಲಿ ಒಂದು ಪಾಲು ಈ ವರ್ಷ ಬುರ್ರಕಥೆಯ ಮೇಳಕ್ಕೆ ಇಡಿ. ಅರ್ಧ ಗಂಟೆಯ ಅವಕಾಶವಲ್ಲ, ಇಡೀ ರಾತ್ರಿ ಕೊಡಿ.