ಬೆನ್ನಿನ ಅಳತೆಗೆ ಒಪ್ಪುವ ಬಿಸಿಡಿ

ಸ್ಕೂಬಾ ಡೈವರ್ ತೊಡುವ ಬಿಸಿಡಿಗೆ, ಅಂದರೆ ತೇಲುವಿಕೆಯನ್ನು ಹತೋಟಿಯಲ್ಲಿಡುವ ಸಲಕರಣೆಗೆ, ಮೂರು ಕೆಲಸ. ಸಿಲಿಂಡರನ್ನು ಬೆನ್ನಿಗೆ ಬಿಗಿಯಾಗಿ ಹಿಡಿದುಕೊಳ್ಳುವುದು, ನೀರಿನ ಮೇಲೆ ತಲೆಯನ್ನು ಎತ್ತಿ ನಿಲ್ಲಿಸುವುದು, ನೀರಿನೊಳಗೆ ಬೇಕಾದ ಆಳದಲ್ಲಿ ಏರದೆ ಇಳಿಯದೆ ತೇಲಲು ನೆರವಾಗುವುದು. ಒಳಗೆ ಒಂದು ಗಾಳಿಚೀಲ, ಎಡಹೆಗಲಿನಿಂದ ಇಳಿಬಿದ್ದ ಒಂದು ಕೊಳವೆ, ಅದರ ತುದಿಯಲ್ಲಿ ಎರಡು ಗುಂಡಿ. ಒಂದನ್ನು ಒತ್ತಿದರೆ ಸಿಲಿಂಡರಿನ ಗಾಳಿ ಚೀಲಕ್ಕೆ ನುಗ್ಗುತ್ತದೆ. ಕೊಳವೆಯನ್ನು ಮೇಲೆತ್ತಿ ಇನ್ನೊಂದನ್ನು ಒತ್ತಿದರೆ ಗಾಳಿ ಹೊರಬೀಳುತ್ತದೆ. 10 ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಯ ಎರಡರಷ್ಟಾಗಿ, ಚೀಲದ ಗಾಳಿ ಅರ್ಧಕ್ಕೆ ಕುಗ್ಗುತ್ತದೆ, ವೆಟ್‌ಸೂಟಿನ ರಬ್ಬರಿನಲ್ಲಿರುವ ಗುಳ್ಳೆಗಳೂ ಕುಗ್ಗುತ್ತವೆ. ಹಾಗಾಗಿ ಇಳಿಯುವಾಗ ಸ್ವಲ್ಪ ಸ್ವಲ್ಪವೇ ಗಾಳಿ ಸೇರಿಸಬೇಕು, ಏರುವಾಗ ಬಿಡುತ್ತ ಬರಬೇಕು. ಮೈಮೇಲೆ ಜರುಗಾಡುವ ಬಿಸಿಡಿಯಲ್ಲಿ ಈ ಗುಂಡಿಗಳು ಪ್ರತಿ ಸಲವೂ ಬೇರೆ ಬೇರೆ ಜಾಗದಲ್ಲಿರುತ್ತವೆ, ಕೈ ತಡಕಾಡುತ್ತದೆ. ಬಿಸಿಡಿಯಲ್ಲಿ ಹಿತ ಎನ್ನುವುದು ಸುರಕ್ಷತೆಯ ಮಾತೇ, ಐಷಾರಾಮದ ಮಾತಲ್ಲ.

ಈ ಸಲಕರಣೆಯ ಇತಿಹಾಸ ದೀರ್ಘವಲ್ಲ. 1961ರಲ್ಲಿ ಫ್ರಾನ್ಸಿನ ಮೊರಿಸ್ ಫೆಂಜಿ ಪೇಟೆಂಟ್ ಪಡೆದ ಸಾಧನ ಕೊರಳಿಗೆ ಹಾಕಿಕೊಳ್ಳುವ, ಎದೆಯ ಮೇಲೆ ಉಬ್ಬುವ ಚೀಲವಾಗಿತ್ತು. 1971ರಲ್ಲಿ ಸ್ಕೂಬಾಪ್ರೊ ಕಂಪನಿಯ ಸ್ಟೆಬಿಲೈಸಿಂಗ್ ಜಾಕೆಟ್ ಬಂತು. ತೋಳಿಲ್ಲದ ಅಂಗಿಯ ಆಕಾರದ ಇಂದಿನ ಜಾಕೆಟ್‌ಗಳೆಲ್ಲ ಅದರ ಸಂತತಿ. ಅಂದಿನ ಅಳತೆಗಳೆಲ್ಲ ಗಂಡಸಿನ ಮೈಯವು. ಹೆಂಗಸರಿಗೆ ಬಹುಕಾಲ ಸಿಕ್ಕಿದ್ದು ಅದೇ ಜಾಕೆಟ್ಟಿನ ಚಿಕ್ಕ ಸೈಜು ಮಾತ್ರ. ಮೈಗೆ ತಕ್ಕ ಸಲಕರಣೆ ಮಾಡಬಲ್ಲವರು ಇರಲಿಲ್ಲವೆಂದಲ್ಲ. 1955ರಲ್ಲೇ ಅಮೆರಿಕದ ಮೊದಲ ಮಹಿಳಾ ಸ್ಕೂಬಾ ಶಿಕ್ಷಕಿಯಾದ ಡಾಟಿ ಫ್ರೇಜಿಯರ್ ಕ್ಯಾಲಿಫೋರ್ನಿಯಾದ ಲಾಂಗ್ ಬೀಚಿನಲ್ಲಿ ಸ್ವಂತ ಡೈವಿಂಗ್ ಅಂಗಡಿ ನಡೆಸಿ, ತಾವೇ ವೆಟ್‌ಸೂಟ್ ತಯಾರಿಸಿ ಮಾರಿದರು. ಬಿಸಿಡಿ ತಯಾರಕರು ಆ ದಾರಿಗೆ ಬಂದದ್ದು ಬಹಳ ತಡವಾಗಿ. ಸ್ಕೂಬಾಪ್ರೊದ ಲೇಡಿಹಾಕ್, ಜೀಗಲ್‌ನ ಜೀನಾ, ಆಕ್ವಾಲಂಗ್‌ನ ಪರ್ಲ್ ಮುಂತಾದ ಮಾದರಿಗಳು ಹೆಂಗಸರ ಮೈಯನ್ನೇ ಮುಂದಿಟ್ಟುಕೊಂಡು ವಿನ್ಯಾಸಗೊಂಡವು.

ಹೆಂಗಸಿನ ಮೈ ಗಂಡಸಿನದರ ಕಿರಿದಾದ ನಕಲಲ್ಲ. ಸಾಮಾನ್ಯವಾಗಿ ಕತ್ತಿನಿಂದ ಸೊಂಟದವರೆಗಿನ ಮುಂಡ ಮೋಟು, ಹೆಗಲು ಕಿರಿದು, ಹೆಗಲಿನ ಇಳಿಜಾರು ಹೆಚ್ಚು, ಸೊಂಟಕ್ಕಿಂತ ನಿತಂಬ ಅಗಲ. ಗಂಡಸರ ಜಾಕೆಟ್ಟನ್ನು ಚಿಕ್ಕದು ಮಾಡಿದಾಗ ಸುತ್ತಳತೆ ಕುಗ್ಗುತ್ತದೆ, ಬೆನ್ನಿನ ಉದ್ದ ಮಾತ್ರ ಅಷ್ಟಾಗಿ ಕುಗ್ಗುವುದಿಲ್ಲ. ಸೊಂಟಪಟ್ಟಿ ಸೊಂಟದ ಮೇಲೆ ಕೂರದೆ ನಿತಂಬದ ಮೇಲೆ ಬಂದು ನಿಲ್ಲುತ್ತದೆ. ನೀರಿಗಿಳಿದು ಗಾಳಿ ತುಂಬಿದ ಕೂಡಲೇ ಅದು ಜಾರಿ ಪಕ್ಕೆಲುಬಿಗೇರುತ್ತದೆ, ಹೆಗಲಪಟ್ಟಿಗಳು ಕಿವಿಯವರೆಗೆ ಎದ್ದು ನಿಲ್ಲುತ್ತವೆ, ಸಿಲಿಂಡರಿನ ವಾಲ್ವ್ ಹಿಂದಲೆಗೆ ಬಡಿಯುತ್ತದೆ. ದೋಣಿಯ ಪಕ್ಕದಲ್ಲಿ ಗದ್ದವನ್ನು ಜಾಕೆಟ್ಟಿನೊಳಗೆ ಹುದುಗಿಸಿಕೊಂಡು, ಎರಡೂ ಕೈಯಿಂದ ಅದನ್ನು ಕೆಳಗೆಳೆಯುತ್ತ ತೇಲುವ ಹೊಸ ಡೈವರ್‌ಗಳನ್ನು ಯಾವ ಡೈವಿಂಗ್ ತಾಣದಲ್ಲಾದರೂ ನೋಡಬಹುದು. ಅವರು ತಮ್ಮ ಕೌಶಲವನ್ನು ಹಳಿದುಕೊಳ್ಳುತ್ತಾರೆ. ತಪ್ಪು ಇರುವುದು ಅಳತೆಯಲ್ಲಿ.

ಆದ್ದರಿಂದ ಮೊದಲು ನೋಡಬೇಕಾದದ್ದು ಬೆನ್ನಿನ ಉದ್ದವನ್ನು. ತಲೆ ಬಾಗಿಸಿದಾಗ ಕತ್ತಿನ ಬುಡದಲ್ಲಿ ಎದ್ದು ತೋರುವ ಮೂಳೆಯಿಂದ, ಎರಡೂ ಪಕ್ಕದ ನಿತಂಬದ ಮೂಳೆಗಳ ಮೇಲಂಚನ್ನು ಕೂಡಿಸುವ ಗೆರೆಯವರೆಗೆ ಟೇಪು ಹಿಡಿದರೆ ಆ ಅಳತೆ ಸಿಗುತ್ತದೆ. ಒಬ್ಬರ ಅಳತೆಯ ರವಿಕೆ ಇನ್ನೊಬ್ಬರಿಗೆ ಹೇಗೆ ಕೂರುವುದಿಲ್ಲವೋ ಇದೂ ಹಾಗೆಯೇ: ಎತ್ತರ, ತೂಕಗಳಲ್ಲಿ ಸಮನಾದ ಇಬ್ಬರು ಹೆಂಗಸರ ಬೆನ್ನಿನ ಉದ್ದದಲ್ಲಿ ಎದ್ದುಕಾಣುವ ವ್ಯತ್ಯಾಸವಿರಬಹುದು. ಕಂಪನಿಗಳ ಸೈಜು ಪಟ್ಟಿಗಳು ಎತ್ತರ, ತೂಕ, ಎದೆಯ ಸುತ್ತಳತೆ ಹೇಳಿ ಸುಮ್ಮನಾಗುವುದೇ ಹೆಚ್ಚು. ಬರಿಯ ಪಟ್ಟಿ ನೋಡಿ ಆನ್‌ಲೈನಿನಲ್ಲಿ ತರಿಸಿಕೊಳ್ಳುವುದು ಈ ಕಾರಣಕ್ಕೇ ಬೇಡ.

ಎರಡನೆಯದು ಎದೆ. ಹೆಗಲಪಟ್ಟಿಗಳು ನೇರವಾಗಿ ಇಳಿದರೆ ಸ್ತನಗಳ ಮೇಲೆ ಹಾಯುತ್ತವೆ. ಹೆಂಗಸರಿಗೆಂದೇ ರೂಪಿಸಿದ ಒಳ್ಳೆಯ ಮಾದರಿಗಳಲ್ಲಿ ಪಟ್ಟಿ ಹೆಗಲಿನ ಒಳಗಿನಿಂದ ಹೊರಟು, ಬಳುಕಿ, ಸ್ತನದ ಹೊರಮಗ್ಗುಲಲ್ಲಿ ಕಂಕುಳಿನತ್ತ ಸಾಗುತ್ತದೆ. ಎರಡು ಹೆಗಲಪಟ್ಟಿಗಳನ್ನು ಕೂಡಿಸುವ ಎದೆಪಟ್ಟಿಯನ್ನು ಮೇಲೆ ಕೆಳಗೆ ಸರಿಸುವಂತಿರಬೇಕು. ಅದು ಒಂದೇ ಕಡೆ ಹೊಲಿದಿದ್ದರೆ ಕೆಲವರಿಗೆ ಸ್ತನದ ನಡುಭಾಗಕ್ಕೇ ಬಂದು ಒತ್ತುತ್ತದೆ. ಆಗ ಡೈವರ್ ಅದನ್ನು ಕಟ್ಟದೆ ಬಿಡುತ್ತಾಳೆ, ಕಿರಿದಾದ ಹೆಗಲಿನಿಂದ ಪಟ್ಟಿಗಳು ಜಾರತೊಡಗುತ್ತವೆ. ಎದೆಯೆಲುಬಿನ ಮೇಲ್ಭಾಗದಲ್ಲಿ, ಕೊರಳಿಗೆ ಒತ್ತದಂತೆ ಕೂತರೆ ಅದರ ಜಾಗ ಸರಿ. ಬಣ್ಣದ ಅಂಚು, ಹೂವಿನ ಕಸೂತಿಗಳಿಂದ ಯಾವ ಬಿಸಿಡಿಯೂ ಹೆಂಗಸರದಾಗುವುದಿಲ್ಲ; ಬೆನ್ನಿನ ಉದ್ದ ಮತ್ತು ಈ ಪಟ್ಟಿಗಳ ದಾರಿ ಅದನ್ನು ತೀರ್ಮಾನಿಸುತ್ತವೆ. ಅವೆರಡೂ ಒಪ್ಪಿದರೆ ಗಂಡಸರ ಅಥವಾ ಯೂನಿಸೆಕ್ಸ್ ಮಾದರಿಯನ್ನು ಕೊಳ್ಳಲು ಹಿಂಜರಿಯಬೇಕಿಲ್ಲ.

ಗಾಳಿಚೀಲ ಎಲ್ಲಿದೆ ಎಂಬುದರ ಮೇಲೆ ಬಿಸಿಡಿಗಳು ಮುಖ್ಯವಾಗಿ ಎರಡು ಬಗೆ. ಜಾಕೆಟ್ ಬಗೆಯಲ್ಲಿ ಚೀಲ ಬೆನ್ನಿನಿಂದ ಪಕ್ಕೆಗಳನ್ನು ಬಳಸಿ ಹೊಟ್ಟೆಯವರೆಗೆ ಬರುತ್ತದೆ. ನೀರಿನ ಮೇಲೆ ನೆಟ್ಟಗೆ ಕೂರಿಸಿದಂತೆ ಹಿಡಿದಿಡುವುದು ಅದರ ಗುಣ. ಕಲಿಕೆಯ ಕೇಂದ್ರಗಳಲ್ಲಿ ಅದೇ ಹೆಚ್ಚಾಗಿರುವುದು ಇದರಿಂದ. ಆದರೆ ಪೂರ್ತಿ ಉಬ್ಬಿದಾಗ ಪಕ್ಕೆಗಳನ್ನೂ ಎದೆಯನ್ನೂ ಹಿಂಡುತ್ತದೆ. ಮೋಟು ಮುಂಡದವರಲ್ಲಿ ಚೀಲಕ್ಕೆ ಹರಡಲು ಜಾಗವೇ ಕಡಿಮೆಯಾಗಿ ಈ ಹಿಂಡುವಿಕೆ ಇನ್ನೂ ಜೋರು. ಎರಡನೆಯ ಬಗೆಯಲ್ಲಿ ಚೀಲವೆಲ್ಲ ಬೆನ್ನ ಹಿಂದೆ, ಸಿಲಿಂಡರಿನ ಇಕ್ಕೆಲದಲ್ಲಿರುತ್ತದೆ. ಎದೆ, ಹೊಟ್ಟೆ ಬಿಡುವಾಗಿರುತ್ತವೆ, ನೀರೊಳಗೆ ಮೈ ಸಲೀಸಾಗಿ ಅಡ್ಡಕ್ಕೆ ಚಾಚಿಕೊಳ್ಳುತ್ತದೆ. ಇದು ನೀರಿನ ಮೇಲೆ ಮುಖವನ್ನು ಮುಂದಕ್ಕೆ ದೂಡುತ್ತದೆ ಎಂಬ ದೂರು ಹಳೆಯದು. ದೂರಿನಲ್ಲಿ ಹುರುಳಿದೆ. ಆದರೆ ಮುಳುಗಲೆಂದು ಕಟ್ಟಿಕೊಳ್ಳುವ ಸೀಸವನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು, ಚೀಲವನ್ನು ಬಿರಿಯುವಂತೆ ತುಂಬಿದಾಗ ಮಾತ್ರ ಅದು ಕಾಡುತ್ತದೆ. ಬಾಯಿ ನೀರಿನಿಂದ ಮೇಲಿರುವಷ್ಟೇ ಗಾಳಿ ತುಂಬಿ ತುಸು ಹಿಂದಕ್ಕೆ ಒರಗಿದರೆ ಸಮಸ್ಯೆ ನೀಗುತ್ತದೆ. ಬಹುಪಾಲು ಹೆಂಗಸರಿಗೆ ಬೆನ್ನಚೀಲದ ಬಗೆಯೇ ಮೇಲು.

ಬೆನ್ನಚೀಲದ ಕಟ್ಟುನಿಟ್ಟಾದ ರೂಪವೆಂದರೆ ಬ್ಯಾಕ್‌ಪ್ಲೇಟ್. ಲೋಹದ ಒಂದು ಹಲಗೆ, ಅದರ ಮೂಲಕ ಪೋಣಿಸಿ ತಂದ ಸುಮಾರು 5 ಸೆಂ.ಮೀ. ಅಗಲದ ಒಂದೇ ಪಟ್ಟಿ, ಹಿಂದೆ ಚೀಲ. ಫ್ಲಾರಿಡಾದ ಗುಹೆಗಳಲ್ಲಿ ಇಳಿಯುವವರ ನಡುವೆ ಬೆಳೆದ ಈ ಪದ್ಧತಿ ನೋಡಲು ಒರಟು. ಆದರೆ ಇದರ ಪಟ್ಟಿಗೆ ಸೈಜು ಎಂಬುದೇ ಇಲ್ಲ. ಪಟ್ಟಿಯನ್ನು ತೊಡುವವಳ ಮೈಮೇಲೆ ಬೆರಳಗಲದ ಲೆಕ್ಕದಲ್ಲಿ ಹೊಂದಿಸಿ ಬಿಗಿಯಬಹುದು. ಮೋಟು ಬೆನ್ನಿನವರಿಗೆ ಗಿಡ್ಡ ಹಲಗೆಗಳೂ ಸಿಗುತ್ತವೆ. ಕಾಲುಗಳ ನಡುವೆ ಹಾಯ್ದು ಮುಂದೆ ಸೊಂಟಪಟ್ಟಿಗೆ ಸೇರುವ ಕಚ್ಚೆಪಟ್ಟಿ ಇಡೀ ಸರಂಜಾಮನ್ನು ಕೆಳಗೆ ಹಿಡಿದಿಡುವುದರಿಂದ ಜಾಕೆಟ್ ಕಿವಿಗೇರುವ ಕಾಟ ಇರುವುದಿಲ್ಲ. ಉಕ್ಕಿನ ಹಲಗೆ ಎರಡೂವರೆಯಿಂದ ಮೂರು ಕೆ.ಜಿ. ತೂಗುವುದರಿಂದ ಅಷ್ಟರ ಮಟ್ಟಿಗೆ ಸೀಸದ ಹೊರೆಯೂ ಇಳಿಯುತ್ತದೆ. ತೆಳ್ಳಗಿನ ಸೂಟಿನಲ್ಲಿ ಇಳಿಯುವವರಿಗೆ ಹೆಗಲ ಬಳಿ ಬರಿ ಪಟ್ಟಿ ತರಚಬಹುದು. ಅಲ್ಲಿಗೆ ಮೆತ್ತೆ ಹಾಕಿಸಿಕೊಂಡರೆ ಆಯಿತು.

ಅಹಿತಕ್ಕೆ ಬಿಸಿಡಿಯನ್ನು ದೂರುವ ಮೊದಲು ಸೀಸದ ಲೆಕ್ಕ ನೋಡಬೇಕು. ಒಂದು ಕೆ.ಜಿ. ಹೆಚ್ಚುವರಿ ಸೀಸವನ್ನು ಎತ್ತಿ ಹಿಡಿಯಲು ಚೀಲದಲ್ಲಿ ಹೆಚ್ಚುಕಡಿಮೆ ಒಂದು ಲೀಟರ್ ಗಾಳಿ ಬೇಕು. ನಾಲ್ಕು ಕೆ.ಜಿ. ಹೆಚ್ಚು ಹೊತ್ತವಳು ನಾಲ್ಕು ಲೀಟರಿನ ಗುಳ್ಳೆಯನ್ನು ಹೊತ್ತು ತಿರುಗುತ್ತಾಳೆ. ಆ ಗುಳ್ಳೆ ಅತ್ತಿತ್ತ ಹರಿದಾಡಿ ಮೈಯನ್ನು ವಾಲಿಸುತ್ತದೆ, ಆಳ ಸ್ವಲ್ಪ ಬದಲಾದರೂ ಹಿಗ್ಗಿ ಕುಗ್ಗಿ ಆಟವಾಡಿಸುತ್ತದೆ. ಎಲ್ಲೆಡೆ ಬಳಕೆಯಲ್ಲಿರುವ ಅಲ್ಯೂಮಿನಿಯಂ 80 ಸಿಲಿಂಡರಿನ ಒಳಗಾತ್ರ 11.1 ಲೀಟರ್, ತುಂಬುವ ಒತ್ತಡ 207 ಬಾರ್. ಅದರೊಳಗಿನ ಗಾಳಿಯೇ ಎರಡೂವರೆ ಕೆ.ಜಿ.ಗಿಂತ ತುಸು ಹೆಚ್ಚು ತೂಗುತ್ತದೆ. ತುಂಬಿದ್ದಾಗ ಸಮುದ್ರದಲ್ಲಿ ಮುಳುಗುವ ಸಿಲಿಂಡರು ಬರಿದಾದಾಗ ಸುಮಾರು ಎರಡು ಕೆ.ಜಿ.ಯಷ್ಟು ಮೇಲಕ್ಕೆ ಎಳೆಯುತ್ತದೆ. ಸೀಸದ ಪರೀಕ್ಷೆಯನ್ನು ಡೈವ್ ಮುಗಿಯುವ ಹೊತ್ತಿಗೆ ಮಾಡಬೇಕು ಎನ್ನುವುದು ಇದಕ್ಕೇ: ಸಿಲಿಂಡರಿನಲ್ಲಿ 50 ಬಾರ್ ಉಳಿದಿರುವಾಗ, ಚೀಲ ಬರಿದು ಮಾಡಿ, ಸಹಜವಾಗಿ ಉಸಿರಾಡುತ್ತ 5 ಮೀಟರಿನಲ್ಲಿ ನಿಲ್ಲಲಾದರೆ ಸೀಸ ಸರಿಯಿದೆ.

ಇದೇ ಲೆಕ್ಕದಿಂದ ಚೀಲದ ಗಾತ್ರವೂ ತಿಳಿಯುತ್ತದೆ. ಬೆಚ್ಚಗಿನ ನೀರಿನಲ್ಲಿ 3 ಮಿ.ಮೀ. ಸೂಟು ತೊಟ್ಟ ಸಣ್ಣ ಮೈಕಟ್ಟಿನ ಹೆಂಗಸಿಗೆ ಆಳದಲ್ಲಿ ಸರಿದೂಗಿಸಬೇಕಾದ್ದು ಸಿಲಿಂಡರಿನ ಗಾಳಿಯ ತೂಕ ಮತ್ತು ಸೂಟು ಕುಗ್ಗಿ ಕಳೆದುಕೊಂಡ ಒಂದೆರಡು ಕೆ.ಜಿ. ತೇಲುಬಲ. ಮೇಲೆ ಬಂದಾಗ ತಲೆ, ಕೊರಳನ್ನು ನೀರಿನಿಂದ ಎತ್ತಲು ಇನ್ನೊಂದಿಷ್ಟು ಬೇಕು. 10ರಿಂದ 12 ಕೆ.ಜಿ. ಎತ್ತುವ ಚೀಲ ಆಕೆಗೆ ಧಾರಾಳ. ಐರೋಪ್ಯ ಲೇಬಲ್‌ಗಳಲ್ಲಿ ಇದನ್ನು ನ್ಯೂಟನ್‌ನಲ್ಲಿ ನಮೂದಿಸಿರುತ್ತಾರೆ. 100 ನ್ಯೂಟನ್ ಎಂದರೆ ಸುಮಾರು 10 ಕೆ.ಜಿ. ದೊಡ್ಡ ಚೀಲ ಹೆಚ್ಚು ಸುರಕ್ಷಿತವೆಂಬ ನಂಬಿಕೆಯಲ್ಲಿ ಇಮ್ಮಡಿ ಗಾತ್ರದ್ದನ್ನು ಕೊಂಡರೆ ಉಳಿದ ಬಟ್ಟೆ ನೀರಿನಲ್ಲಿ ಪಟಪಟಿಸುತ್ತದೆ, ಮಡಿಕೆಗಳಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಬಿಸಿಡಿ ಲೈಫ್‌ಜಾಕೆಟ್ ಅಲ್ಲ ಎಂಬುದನ್ನೂ ನೆನಪಿಡಬೇಕು. ಪ್ರಜ್ಞೆ ತಪ್ಪಿದವರ ಮುಖವನ್ನು ಮೇಲ್ಮುಖವಾಗಿ ಹಿಡಿದಿಡುವ ಭರವಸೆಯನ್ನು ಅದು ಕೊಡುವುದಿಲ್ಲ.

ಇನ್ನು ಕಾಲುಗಳ ವಿಚಾರ. ಅನೇಕ ಹೆಂಗಸರಲ್ಲಿ ಕೊಬ್ಬು ತೊಡೆ, ನಿತಂಬಗಳಲ್ಲಿ ಸೇರಿರುವುದರಿಂದ ನೀರಿನಲ್ಲಿ ಕಾಲು ಮೇಲೆದ್ದು ತಲೆ ತಗ್ಗುತ್ತದೆ. ಸಿಲಿಂಡರನ್ನು ಪಟ್ಟಿಯಲ್ಲಿ ಎರಡು ಬೆರಳು ಕೆಳಗಿಳಿಸಿ ಕಟ್ಟುವುದು ಒಂದು ಪರಿಹಾರ. ಆದರೆ ಅಲ್ಯೂಮಿನಿಯಂ 80ರ ಉದ್ದ ಸುಮಾರು 66 ಸೆಂ.ಮೀ.; ಮೋಟು ಬೆನ್ನಿನವಳಿಗೆ ಅದರ ಬುಡ ಆಗಲೇ ನಿತಂಬಕ್ಕೆ ತಾಗುತ್ತಿರುತ್ತದೆ. ಅಂಥವಳು ಸುಮಾರು 10 ಸೆಂ.ಮೀ. ಗಿಡ್ಡವಾದ ಅಲ್ಯೂಮಿನಿಯಂ 63 ಕೇಳಿ ಪಡೆಯುವುದು ಒಳ್ಳೆಯದು. ಸಣ್ಣ ಮೈಕಟ್ಟಿನವರು ಬಳಸುವ ಗಾಳಿಯೂ ಸಾಮಾನ್ಯವಾಗಿ ಕಡಿಮೆ.

ಅಂಗಡಿಯಲ್ಲಿ ಬಿಸಿಡಿಯನ್ನು ಖಾಲಿಯಾಗಿ ಹೆಗಲಿಗೇರಿಸಿ ಕನ್ನಡಿ ನೋಡಿಕೊಂಡರೆ ಏನೂ ತಿಳಿಯದು. ಡೈವಿಂಗಿಗೆ ಹಾಕುವ ಸೂಟನ್ನೇ ತೊಟ್ಟು, ಸಿಲಿಂಡರ್ ಕಟ್ಟಿಸಿ, ಸೀಸದ ಜೇಬುಗಳನ್ನು ತುಂಬಿಸಿ ತೊಡಬೇಕು. ಮೊದಲು ಸೊಂಟಪಟ್ಟಿ ಬಿಗಿದು, ಆಮೇಲೆ ಹೆಗಲಪಟ್ಟಿ ಎಳೆಯಬೇಕು. ಭಾರ ಹೆಗಲಿನಿಂದ ಸೊಂಟಕ್ಕೆ ಇಳಿದದ್ದು ಆಗ ಅನುಭವಕ್ಕೆ ಬರಬೇಕು. ನಂತರ ಹೆಚ್ಚುವರಿ ಒತ್ತಡ ಬಿಡುವ ವಾಲ್ವ್ ಬುಸ್ಸೆನ್ನುವವರೆಗೆ ಗಾಳಿ ತುಂಬಿಸಿ, ಅದೇ ಸ್ಥಿತಿಯಲ್ಲಿ ಆಳವಾಗಿ ಉಸಿರೆಳೆದು ನೋಡಬೇಕು. ಪಕ್ಕೆಗಳು ಅರ್ಧದಲ್ಲೇ ತಡೆದಂತಾದರೆ ಆ ಮಾದರಿಯನ್ನು ಕೆಳಗಿಡಬೇಕು, ಬೆಲೆ ಎಷ್ಟೇ ಇಳಿಸಿರಲಿ. ಜೊತೆಗಿದ್ದವರು ಸಿಲಿಂಡರಿನ ವಾಲ್ವ್ ಹಿಡಿದು ಮೇಲೆತ್ತಿದಾಗ ಬಿಸಿಡಿಯೊಂದೇ ಮೇಲೆದ್ದು ಬರಬಾರದು, ತೊಟ್ಟವಳೂ ಜೊತೆಗೇ ಎದ್ದಂತಾಗಬೇಕು. ಕಣ್ಣು ಮುಚ್ಚಿ ಎಡಗೈಯಿಂದ ಗುಂಡಿಗಳನ್ನು, ಬಲಗೈಯಿಂದ ಗಾಳಿ ಬಿಡುವ ವಾಲ್ವಿನ ದಾರವನ್ನು, ಒಂದೊಂದೇ ಕೈಯಿಂದ ಸೀಸದ ಜೇಬಿನ ಹಿಡಿಗಳನ್ನು ಮುಟ್ಟಬೇಕು. ಚಿಕ್ಕ ಸೈಜುಗಳಲ್ಲಿ ಜಾಗ ಸಾಲದೆ ಈ ಜೇಬುಗಳು ಮುಂದಕ್ಕೆ ಸರಿದು ನಿತಂಬದ ಮೂಳೆಗೆ ಒತ್ತುವುದುಂಟು. ಒತ್ತುವ ಜಾಗ ಒಂದು ಗಂಟೆಯ ಡೈವಿನ ಬಳಿಕ ಕೆಂಪೇರಿರುತ್ತದೆ. ಸೊಂಟಪಟ್ಟಿಯಲ್ಲಿ ಎಲಾಸ್ಟಿಕ್ ಇರುವುದೂ ಮುಖ್ಯ, ಏಕೆಂದರೆ ಆಳದಲ್ಲಿ ಸೂಟು ತೆಳುವಾದಾಗ ಬಿಗಿ ಸಡಿಲಾಗುತ್ತದೆ.

ಇಷ್ಟಾದ ಮೇಲೂ ಕೊನೆಯ ಪರೀಕ್ಷೆ ನೀರಿನಲ್ಲೇ ಆಗಬೇಕು. ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ ಮೊದಲ ಸಲ ಇಳಿಯುವವರು ಬಾಡಿಗೆಯದನ್ನೇ ತೊಡುವುದು ಸಹಜ. ಆಗ ದೋಣಿ ಹೊರಡುವ ಮುನ್ನ ಎರಡು ಸೈಜು ತೊಟ್ಟು ನೋಡಲು ಕೇಳುವುದಕ್ಕೆ ಸಂಕೋಚ ಬೇಡ. ತೀರಾ ದೊಡ್ಡದಾದರೆ ಸೊಂಟಪಟ್ಟಿ ಕೊನೆಯವರೆಗೆ ಎಳೆದರೂ ಸಡಿಲವೇ ಇರುತ್ತದೆ, ಅದನ್ನು ಒಪ್ಪಿಕೊಳ್ಳಬಾರದು. ಕೊಳ್ಳುವ ಮನಸ್ಸಾದವರು ಬೇರೆ ಬೇರೆ ಬಗೆಯವನ್ನು ಬಾಡಿಗೆಗೆ ಪಡೆದು, ಯಾವುದು ಎಲ್ಲಿ ಒತ್ತಿತು ಎಂದು ಡೈವ್ ಲಾಗಿನಲ್ಲಿ ಬರೆದಿಟ್ಟುಕೊಂಡರೆ ಅಂಗಡಿಯವರ ಮಾತಿಗಿಂತ ಆ ಟಿಪ್ಪಣಿ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಅಂಡಮಾನಿಗೋ ಲಕ್ಷದ್ವೀಪಕ್ಕೋ ವಿಮಾನದಲ್ಲಿ ಒಯ್ಯುವವರು ತೂಕವನ್ನೂ ಗಮನಿಸಬೇಕು. ಸಾಮಾನ್ಯ ಜಾಕೆಟ್ ಮೂರೂವರೆಯಿಂದ ನಾಲ್ಕೂವರೆ ಕೆ.ಜಿ. ತೂಗಿದರೆ ಪ್ರವಾಸಕ್ಕೆಂದೇ ಮಾಡಿದವು ಎರಡರಿಂದ ಮೂರು ಕೆ.ಜಿ.ಯಲ್ಲಿ ಮುಗಿಯುತ್ತವೆ.

ಒಪ್ಪಿದ ಬಿಸಿಡಿ ವರ್ಷಗಟ್ಟಲೆ ಬಾಳುತ್ತದೆ, ಉಪ್ಪನ್ನು ಒಳಗೆ ಉಳಿಯಗೊಡದಿದ್ದರೆ. ಪ್ರತಿ ಡೈವಿನ ದಿನ ಕೊಳವೆಯ ಮೂಲಕ ಸಿಹಿನೀರು ಹೊಯ್ದು, ಕುಲುಕಿ, ತಲೆಕೆಳಗಾಗಿಸಿ ಬಸಿಯಬೇಕು. ಬಳಿಕ ಚೀಲದ ಒಳಗೋಡೆಗಳು ಒಂದಕ್ಕೊಂದು ಅಂಟದಂತೆ ಅರ್ಧ ಗಾಳಿ ತುಂಬಿ ನೆರಳಿನಲ್ಲಿ ತೂಗುಹಾಕಬೇಕು. ಗಾಳಿ ತುಂಬುವ ಗುಂಡಿಯಲ್ಲಿ ಉಪ್ಪು ಕಟ್ಟಿದರೆ ಅದು ಒತ್ತಿದಲ್ಲೇ ಸಿಕ್ಕಿಕೊಂಡು ಚೀಲ ತಾನಾಗಿ ಉಬ್ಬುತ್ತ ಹೋಗಬಹುದು. ಹಾಗಾಗಿ ಉಸಿರಾಟದ ಸಾಧನವಾದ ರೆಗ್ಯುಲೇಟರಿನ ವಾರ್ಷಿಕ ಸರ್ವೀಸಿನ ಜೊತೆಗೇ ಈ ಗುಂಡಿಗಳಿರುವ ಇನ್‌ಫ್ಲೇಟರನ್ನೂ ಬಿಚ್ಚಿಸಿ ಸ್ವಚ್ಛಗೊಳಿಸಬೇಕು.