ತಂಗಡಿ ಹೂವಿನ ಪುಡಿ: ಮೈಗೆ ಹಿತ, ಬಣ್ಣಕ್ಕಲ್ಲ

ಬಳ್ಳಾರಿ ಸೀಮೆಯ ಗರಸು ದಿನ್ನೆಗಳಲ್ಲಿ, ಕುರುಗೋಡಿನ ಕಲ್ಲುಗುಡ್ಡಗಳ ಬುಡದಲ್ಲಿ, ಯಾರೂ ನೀರು ಹಾಕದಿದ್ದರೂ ಹಳದಿಯಾಗಿ ಅರಳಿ ನಿಲ್ಲುವ ಪೊದೆ ತಂಗಡಿ. ದಕ್ಷಿಣದ ಜಿಲ್ಲೆಗಳಲ್ಲಿ ಅದು ಆವರಿಕೆ. ಗಡಿಯಾಚೆಯ ತೆಲುಗರಿಗೆ ತಂಗೇಡು. ಬತುಕಮ್ಮ ಹಬ್ಬಕ್ಕೆ ಬೇಕೇ ಬೇಕಾದ ಹೂ, ತೆಲಂಗಾಣದ ರಾಜ್ಯಪುಷ್ಪ. ಈ ಹೂವನ್ನು ಒಣಗಿಸಿ ಪುಡಿ ಮಾಡಿ, ಹೆಸರುಹಿಟ್ಟಿಗೆ ಕಲಸಿ, ಮೈಗೆ ತಿಕ್ಕಿ ಜಳಕ ಮಾಡುವ ರೂಢಿ ಹಳೆಯದು. ಈಗ ಅದು ಪ್ಯಾಕೆಟ್ಟಿನಲ್ಲಿ ಮರಳಿ ಬಂದಿದೆ. ರೂಢಿ ಉಳಿಯಬೇಕು ಎಂದು ನಾನು ಮನಸಾರೆ ಬಯಸುತ್ತೇನೆ. ಪ್ಯಾಕೆಟ್ಟು ಅದರ ಹೆಸರಿನಲ್ಲಿ ಆಡುವ ಮಾತುಗಳನ್ನು ಮಾತ್ರ ಒಪ್ಪಲಾರೆ.

ಈ ಪುಡಿ ಮೈಗೆ ಏನು ಮಾಡುತ್ತದೆ ಎಂದು ತಿಳಿಯಬೇಕಾದರೆ ಗಿಡದ ತೊಗಟೆಯಿಂದ ಶುರುಮಾಡಬೇಕು. ಅದರಲ್ಲಿ ಟ್ಯಾನಿನ್ ಹೇರಳ. ಮದ್ರಾಸ್ ಪ್ರಾಂತ್ಯದ ಕಾಲದಲ್ಲಿ (1953ರಲ್ಲಿ ಮೈಸೂರಿಗೆ ಸೇರುವ ತನಕ ಬಳ್ಳಾರಿಯೂ ಮದ್ರಾಸಿನದೇ) ತೊಗಲು ಹದಮಾಡುವವರು ನೆಚ್ಚಿಕೊಂಡಿದ್ದು ಇದೇ ತೊಗಟೆಯನ್ನು. ದಕ್ಷಿಣ ಆಫ್ರಿಕಾದ ವ್ಯಾಟಲ್ ತೊಗಟೆ ಹಡಗೇರಿ ಬರತೊಡಗಿದ ಮೇಲೆ ಇದರ ಬೇಡಿಕೆ ಕುಗ್ಗಿತು. ಟ್ಯಾನಿನ್ ಚರ್ಮದ ಪ್ರೋಟೀನಿಗೆ ಅಂಟಿ ಅದನ್ನು ಬಿಗಿಗೊಳಿಸುತ್ತದೆ. ಹೂವಿನಲ್ಲಿ ಅದು ತೊಗಟೆಯಷ್ಟು ಇರುವುದಿಲ್ಲ, ಆದರೂ ತೊಳೆದ ಮುಖ ಹಗುರಾಗಿ, ಬಿಗಿಯಾಗಿ ಅನ್ನಿಸುವುದಕ್ಕೆ ಇಂಥ ಒಗರೇ ಕಾರಣ. ಹೆಸರುಹಿಟ್ಟು ಜಿಡ್ಡು ಹೀರುತ್ತದೆ. ಬಿಸಿಲು 40 ಡಿಗ್ರಿ ದಾಟುವ ಬಳ್ಳಾರಿಯ ಬೇಸಿಗೆಯಲ್ಲಿ, ದೂಳು ಬೆವರು ಮೆತ್ತಿಕೊಂಡ ಮೈಗೆ ಇದು ನಿಜಕ್ಕೂ ಹಿತ.

ಅದೇ ಗುಣ ಚಳಿಗಾಲದಲ್ಲಿ ತಿರುಗಿಬೀಳುತ್ತದೆ. ಸಂಕ್ರಾಂತಿಯ ಒಣಗಾಳಿಗೆ ಮೊದಲೇ ಬಿರಿದ ಚರ್ಮದಲ್ಲಿ ಉಳಿದಿರುವ ಜಿಡ್ಡನ್ನೂ ತೆಗೆದುಬಿಟ್ಟರೆ ತುರಿಕೆ, ಬಿಳಿ ಹೊಟ್ಟು ಶುರುವಾಗುತ್ತವೆ. ಹಿಂದಿನವರು ಮೊದಲು ಎಣ್ಣೆ ಹಚ್ಚಿ ಆಮೇಲೆ ಹಿಟ್ಟು ತಿಕ್ಕುತ್ತಿದ್ದರು. ಪ್ಯಾಕೆಟ್ಟು ಎಣ್ಣೆಯ ಮಾತೆತ್ತದೆ, ‘ಎಲ್ಲ ಬಗೆಯ ಚರ್ಮಕ್ಕೂ, ದಿನವೂ’ ಎಂದು ಹೇಳಿದರೆ ರೂಢಿಯ ಅರ್ಧವನ್ನು ಮಾತ್ರ ಮಾರಿದಂತಾಯಿತು.

ಇನ್ನು ಬಣ್ಣದ ಮಾತು. ಮೈ ಬಂಗಾರದಂತಾಗುತ್ತದೆ ಎಂಬ ಆಸೆ ಈ ಹೂವಿಗೆ ಬೇಗ ಅಂಟಿಕೊಳ್ಳುತ್ತದೆ, ಹೂವೇ ಆ ಬಣ್ಣದ್ದಲ್ಲವೇ. ಚರ್ಮದ ಬಣ್ಣವನ್ನು ನಿರ್ಧರಿಸುವುದು ಒಳಪದರದ ಮೆಲನಿನ್. ಮೇಲೆ ತಿಕ್ಕಿ ತೊಳೆಯುವ ಪುಡಿ ಅದನ್ನು ಬದಲಿಸುವುದಿಲ್ಲ. ಜಳಕದ ಮರುಗಳಿಗೆ ಕಾಣುವ ಹೊಳಪು ಕೊಳೆ ಹೋದ ಚರ್ಮದ್ದು. ದೇಶದ ಹೆಸರಾಂತ ಕ್ರೀಮೊಂದು 2020ರಲ್ಲಿ ತನ್ನ ಹೆಸರಿನಿಂದ ‘ಫೇರ್’ ತೆಗೆದು ‘ಗ್ಲೋ’ ಎಂದು ಇಟ್ಟುಕೊಂಡಿತು. ದೊಡ್ಡ ಕಂಪನಿಯೇ ಕೈಬಿಟ್ಟ ಆ ಮಾತನ್ನು ನಮ್ಮ ಗುಡ್ಡದ ಹೂವಿನ ಮೇಲೆ ಹೊರಿಸುವುದು ನನಗೆ ನೋವಿನ ಸಂಗತಿ. ಸಿರುಗುಪ್ಪದ ಭತ್ತದ ಗದ್ದೆಯಲ್ಲಿ ಬಿಸಿಲಿಗೆ ಬಗ್ಗಿ ನಾಟಿ ಮಾಡುವ ಹುಡುಗಿಯ ಮೈಬಣ್ಣ ತಿದ್ದಬೇಕಾದ ದೋಷವಲ್ಲ.

ರೋಗದ ವಿಚಾರದಲ್ಲಿ ಗೊಂದಲ ಇನ್ನೂ ಹೆಚ್ಚು. ತಂಗಡಿಯ ಒಡಹುಟ್ಟಿದಂಥ ಗಿಡಗಳಾದ ತಗಚೆ, ಸೀಮೆ ಅಗಸೆಗಳನ್ನು ನಾಟಿ ವೈದ್ಯದಲ್ಲಿ ಗಜಕರ್ಣಕ್ಕೆ, ಅಂದರೆ ಹುಳುಕಡ್ಡಿಗೆ, ಬಳಸುತ್ತಾರೆ. ಆ ಗುಣವನ್ನು ತಂಗಡಿಗೂ ಹಚ್ಚಿ ಹುಳುಕಡ್ಡಿಗೆ ಹೂವಿನ ಪುಡಿ ಮೆತ್ತಿಕೊಂಡು ಕೂತರೆ, ಅಷ್ಟರಲ್ಲಿ ಅದು ಮನೆಮಂದಿಗೆಲ್ಲ ಹರಡಿರುತ್ತದೆ. ಔಷಧಿ ಅಂಗಡಿಯಲ್ಲಿ ಕೇಳಿ ತರುವ ಸ್ಟೀರಾಯ್ಡ್ ಮುಲಾಮು ಇದಕ್ಕಿಂತ ಕೆಟ್ಟದ್ದು. ತುರಿಕೆ ಅಡಗಿಸಿ ಶಿಲೀಂಧ್ರವನ್ನು ಬಲಗೊಳಿಸುತ್ತದೆ. ಬಳ್ಳಾರಿಯಲ್ಲೇ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ತುಂಗಭದ್ರೆಯ ದಡದಲ್ಲಿ ಪ್ರೇಮಾಯತನ ಆಶ್ರಮ ಕಟ್ಟಿದ ಪಂಡಿತ ತಾರಾನಾಥರ ಹೆಸರಿನ ಸರ್ಕಾರಿ ಆಯುರ್ವೇದ ಕಾಲೇಜೂ ಇದೆ. ಹುಣ್ಣು, ಕಲೆ, ಹರಡುವ ತುರಿಕೆ ಇದ್ದವರು ಹೋಗಬೇಕಾದದ್ದು ಅಲ್ಲಿಗೆ.

ಇವೆಲ್ಲಕ್ಕಿಂತ ನನ್ನನ್ನು ಕಾಡುವ ಪ್ರಶ್ನೆ, ಹೂ ಎಲ್ಲಿಯದು ಎಂಬುದು. ಬಳ್ಳಾರಿ, ಕುರುಗೋಡು, ಸಿರುಗುಪ್ಪದ ನೆಲ ಮೆಣಸಿನಕಾಯಿ, ಹತ್ತಿ, ಭತ್ತ ಬೆಳೆಯುವ ನೆಲ. ಈ ಬೆಳೆಗಳಿಗೆ ಕೀಟನಾಶಕ ಮತ್ತೆ ಮತ್ತೆ ಬೀಳುತ್ತದೆ, ಗಾಳಿಗೆ ತೇಲಿ ಬದುವಿನ ಗಿಡದ ಮೇಲೂ ಕೂರುತ್ತದೆ. ರಸ್ತೆ ಬದಿಯ ಪೊದೆಯ ಮೇಲೆ ಲಾರಿಗಳ ಹೊಗೆ, ಸಂಡೂರಿನ ಕಡೆ ಹೋದರೆ ಅದಿರಿನ ಕೆಂಪುದೂಳು. ಅಂಥ ಹೂವನ್ನು ಒಣಗಿಸಿ ಪುಡಿ ಮಾಡಿದರೆ ಅದಕ್ಕೆ ಅಂಟಿದ್ದೂ ಒಣಗಿ ಪುಡಿಯಾಗುತ್ತದೆ. ಮೊಗದ ಮೇಲೆ ಹಚ್ಚುವ ವಸ್ತುವಿಗೆ ಅಂಟಿಸಿದ ‘ನೈಸರ್ಗಿಕ’ ಎಂಬ ಚೀಟಿ ಈ ಪ್ರಶ್ನೆಗೆ ಉತ್ತರವಲ್ಲ. ಹೂ ಕಿತ್ತ ಜಾಗ, ಪುಡಿ ಮಾಡಿದ ತಿಂಗಳು, ಬೆರೆಸಿದ ಉಳಿದ ಸಾಮಗ್ರಿ, ಇಷ್ಟನ್ನಾದರೂ ಮಾರುವವರು ಬರೆಯಬೇಕು.

ಅದಕ್ಕಿಂತ ಹಿತ್ತಲಿನಲ್ಲಿ ಬೆಳೆಸಿಕೊಳ್ಳುವುದೇ ಮೇಲು, ಮತ್ತು ಇದರಷ್ಟು ಕಡಿಮೆ ಬೇಡುವ ಗಿಡ ಸಿಗುವುದು ಕಷ್ಟ. ಗುಡ್ಡದಿಂದ ಬಲಿತ ಗಿಡ ಕಿತ್ತು ತಂದರೆ ಬದುಕುವುದು ಅಪರೂಪ; ತಾಯಿಬೇರು ಆಳಕ್ಕೆ ಇಳಿದಿರುತ್ತದೆ, ತುಂಡಾಗುತ್ತದೆ. ಚಪ್ಪಟೆ ಕಾಯಿ ಕಂದಾಗಿ ಒಣಗಿದಾಗ ಬೀಜ ಬಿಡಿಸಿ, ಬಿಸಿನೀರು ಸುರಿದು ರಾತ್ರಿಯಿಡೀ ನೆನೆಸಿ, ಮುಂಗಾರಿನ ಹೊತ್ತಿಗೆ ನೇರವಾಗಿ ನೆಲಕ್ಕೇ ಹಾಕಬೇಕು. ಕಾಲುವೆ ನೀರುಣ್ಣುವ ಸಿರುಗುಪ್ಪದ ಎರೆನೆಲದಲ್ಲಿ ಬುಡಕ್ಕೆ ನೀರು ನಿಂತರೆ ಕೊಳೆಯುತ್ತದೆ, ಆದ್ದರಿಂದ ಅಲ್ಲಿ ಗರಸು ಬೆರೆಸಿ ದಿಬ್ಬ ಮಾಡಿ ಹಾಕುವುದು ಒಳ್ಳೆಯದು. ಹೂ ಮುಗಿದ ಮೇಲೆ ತುದಿ ಕತ್ತರಿಸಿದರೆ ಹೊಸ ಚಿಗುರು ಒಡೆದು ಪೊದೆ ದಟ್ಟವಾಗುತ್ತದೆ. ತಿಳಿಹಳದಿ ಚಿಟ್ಟೆಯ ಹಸಿರು ಹುಳು ಎಲೆ ತಿನ್ನುವುದುಂಟು. ತಿನ್ನಲಿ ಬಿಡಿ, ಔಷಧಿ ಹೊಡೆದರೆ ಮನೆಯಲ್ಲಿ ಬೆಳೆಸಿದ್ದೇ ವ್ಯರ್ಥ.

ಗುರುತು ಹಿಡಿಯಲು ಹಳದಿ ಹೂವೊಂದೇ ಸಾಲದು; ಎಲೆಯ ಬುಡದಲ್ಲಿ ಕಿವಿಯಂಥ ಅಗಲವಾದ ಉಪಪತ್ರ ಇರಬೇಕು. ಹೂವನ್ನು ನೆರಳಲ್ಲಿ ಗರಿಗರಿಯಾಗಿ ಒಣಗಿಸಿ, ಸ್ವಲ್ಪ ಸ್ವಲ್ಪವೇ ಪುಡಿ ಮಾಡಿಕೊಳ್ಳಬೇಕು, ಪಸೆ ಉಳಿದರೆ ಬೂಸಲು ಬರುತ್ತದೆ. ಮೊದಲ ಸಲ ಮೊಣಕೈ ಒಳಬದಿಗೆ ಹಚ್ಚಿ ಒಂದು ದಿನ ನೋಡಿ. ಕೆಂಪಾಗದಿದ್ದರೆ ಮುಖಕ್ಕೆ. ಮತ್ತೆ, ಹೂವನ್ನೆಲ್ಲ ಕಿತ್ತುಬಿಡಬೇಡಿ. ಕೆಲವು ಕೊಂಬೆಗಳಲ್ಲಿ ಕಾಯಿ ಕಟ್ಟಲು ಬಿಟ್ಟರೆ ಬರುವ ಮಳೆಗಾಲಕ್ಕೆ ಪಕ್ಕದ ಮನೆಯವರಿಗೂ ಬೀಜವಾಗುತ್ತದೆ.