ಪ್ರತಿರೂಪಕವ್ಯವಹಾರ: ‘ಕ್ವಿಜ್ ಷೋ’ ಚಲನಚಿತ್ರವನ್ನು ಕುರಿತು

ಶ್ರಾವಕನ ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಹೇಳುತ್ತದೆ. ಅವುಗಳಲ್ಲಿ ಕೊನೆಯದು ಪ್ರತಿರೂಪಕವ್ಯವಹಾರ; ಅಸಲಿನಂತೆ ತೋರುವ ನಕಲಿಯನ್ನು ಅಸಲಿನ ಬೆಲೆಗೆ ಮಾರುವುದು. ತುಪ್ಪದ ಬೆರಕೆ, ಚಿನ್ನದ ಬೆರಕೆ ಎಂದು ಉದಾಹರಿಸಿ ಮುಂದೆ ಸಾಗುವುದು ನಮ್ಮ ವಾಡಿಕೆ. ಜ್ಞಾನದಲ್ಲಿಯೂ ಈ ವ್ಯಾಪಾರ ನಡೆಯಬಲ್ಲದೆಂಬುದನ್ನು ರಾಬರ್ಟ್ ರೆಡ್‌ಫರ್ಡ್ ಅವರು 1994ರಲ್ಲಿ ನಿರ್ದೇಶಿಸಿದ ‘ಕ್ವಿಜ್ ಷೋ’ ಎಂಬ ಅಮೆರಿಕದ ಚಲನಚಿತ್ರವನ್ನು ನೋಡಿದಾಗ ಮನಗಂಡೆನು.

ಕಥೆ ನಡೆದದ್ದೇ. ‘ಟ್ವೆಂಟಿ ಒನ್’ ಎಂಬುದು 1956ರಲ್ಲಿ ಎನ್‌ಬಿಸಿ ದೂರದರ್ಶನದಲ್ಲಿ ಆರಂಭವಾದ ರಸಪ್ರಶ್ನೆ ಸ್ಪರ್ಧೆ. ಇಬ್ಬರು ಸ್ಪರ್ಧಿಗಳು ಪ್ರತ್ಯೇಕ ಗಾಜಿನ ಕೋಣೆಗಳಲ್ಲಿ ನಿಂತು, 1ರಿಂದ 11ರವರೆಗಿನ ಅಂಕಗಳ ಪ್ರಶ್ನೆಗಳನ್ನು ಆರಿಸಿಕೊಂಡು 21 ಅಂಕಗಳನ್ನು ಮುಟ್ಟಬೇಕು. ಗೆದ್ದವನಿಗೆ ಅಂತರದ ಪ್ರತಿ ಅಂಕಕ್ಕೆ 500 ಡಾಲರ್. ಸಮಬಲವಾದಂತೆ ಆ ದರವೂ ಏರುತ್ತಿತ್ತು. ಪ್ರಾಮಾಣಿಕವಾಗಿ ನಡೆದ ಮೊದಲ ಪ್ರದರ್ಶನ ನೀರಸವಾಯಿತು. ಉತ್ತರ ಬಾರದೆ ತಡವರಿಸುವವರನ್ನು ನೋಡುವವರಾರು? ಪ್ರಾಯೋಜಕರಾದ ‘ಜೆರಿಟಾಲ್’ ಟಾನಿಕಿನವರು ಕೆರಳಿದರು. ಅನಂತರ ನಿರ್ಮಾಪಕ ಡ್ಯಾನ್ ಎನ್‌ರೈಟ್ ಉತ್ತರಗಳನ್ನು ಮೊದಲೇ ಒಪ್ಪಿಸಿ, ಎಲ್ಲಿ ತಡೆಯಬೇಕು, ಯಾವಾಗ ಬೆವರೊರಸಿಕೊಳ್ಳಬೇಕು ಎಂಬುದನ್ನೂ ಕಲಿಸತೊಡಗಿದನು.

ಹರ್ಬರ್ಟ್ ಸ್ಟೆಂಪೆಲ್ ಎಂಬಾತನಿಗೆ ಬಡವನಂತೆ ತೋರಲು ಅಳತೆಗೆ ಹೊಂದದ ಕೋಟು ತೊಡಿಸಿ ಗೆಲ್ಲಿಸಿದರು. ಬಳಿಕ 1956ರ ಡಿಸೆಂಬರ್ 5ರಂದು ಸೋಲೆಂದರು. 1955ರ ಅತ್ಯುತ್ತಮ ಚಿತ್ರವೆಂದು ಆಸ್ಕರ್ ಪಡೆದದ್ದು ‘ಮಾರ್ಟಿ’. ಅದು ಅವನ ಅಚ್ಚುಮೆಚ್ಚಿನ ಚಿತ್ರ. ಆದರೂ ಆತ ‘ಆನ್ ದ ವಾಟರ್‌ಫ್ರಂಟ್’ ಎನ್ನಬೇಕಾಯಿತು. ಬಲ್ಲುದನ್ನು ಅರಿಯೆನೆನ್ನುವುದೂ ಅನೃತವೇ ಎಂಬುದನ್ನು ಆ ದೃಶ್ಯದಲ್ಲಿ ನಟ ಜಾನ್ ಟರ್ಟುರೊ ಮುಖದಲ್ಲೇ ತೋರಿಸಿದ್ದಾರೆ. ಅವನನ್ನು ಸೋಲಿಸಿದವನು ಕೊಲಂಬಿಯ ವಿಶ್ವವಿದ್ಯಾನಿಲಯದ ಅಧ್ಯಾಪಕ, ಕವಿ ಮಾರ್ಕ್ ವ್ಯಾನ್ ಡೋರನ್ ಅವರ ಮಗ ಚಾರ್ಲ್ಸ್. ಅವನ ಗಳಿಕೆ 1,29,000 ಡಾಲರ್. ಉತ್ತರಗಳನ್ನು ಅವನಿಗೂ ಮೊದಲೇ ಕೊಡಲಾಗಿತ್ತು.

ತಂದೆಯ ಮುಂದೆ ಮಗನು ತಪ್ಪೊಪ್ಪಿಕೊಳ್ಳುವ ಸನ್ನಿವೇಶವು ಚಿತ್ರದ ಶಿಖರ. ಸಮಂತಭದ್ರಾಚಾರ್ಯರು ಎಣಿಸಿದ ಎಂಟು ಮದಗಳಲ್ಲಿ ಜ್ಞಾನಮದ, ಕುಲಮದ, ಪೂಜಾಮದ ಮೂರೂ ಆ ಯುವಕನನ್ನು ಒಮ್ಮೆಗೇ ಹಿಡಿದಿದ್ದವು. ನನ್ನ ಆಕ್ಷೇಪ ಬೇರೆಡೆ ಇದೆ. ಚಿತ್ರವು ದೋಷದ ಭಾರವನ್ನು ಮೆಲ್ಲನೆ ಸಂಸ್ಥೆಯ ಕಡೆಗೆ, ಪ್ರಾಯೋಜಕರ ಕಡೆಗೆ ಜಾರಿಸುತ್ತದೆ. ಅವರು ಮಾಡಿಸಿದವರು, ಮೆಚ್ಚಿದವರು, ನಿಜ. ಆದರೆ ಕೃತ, ಕಾರಿತ, ಅನುಮೋದಿತಗಳನ್ನು ಒಂದೇ ಲೆಕ್ಕದಲ್ಲಿ ಪಾಲು ಹಾಕಿ, ಮಾಡಿಸಿದವನ ಪಾಲು ಹೆಚ್ಚಾದಷ್ಟೂ ಮಾಡಿದವನ ಪಾಲು ಕಡಿಮೆಯಾಯಿತೆನ್ನಲು ಇದೇನು ಪಾಲುದಾರಿಕೆಯ ಅಂಗಡಿಯೇ? ಪ್ರತಿಯೊಬ್ಬನ ಖಾತೆಯಲ್ಲೂ ಪೂರ್ತಿ ಮೊತ್ತವೇ ಬರೆಯಲ್ಪಡುತ್ತದೆ.

ಸ್ಟೆಂಪೆಲ್‌ನನ್ನು ಚಿತ್ರವು ಅಸೂಯಾಪರನೆಂದು ತುಸು ನಗೆಪಾಟಲು ಮಾಡುತ್ತದೆ. ಅವನ ಮಾತು ಕ್ರೋಧದಿಂದ ಹೊರಟದ್ದು ದಿಟ. ಕಷಾಯದಿಂದ ಹೊರಟ ನಿಜವು ಹೇಳಿದವನಿಗೆ ನಿರ್ಜರೆಯಾಗಲಾರದು. ಆದರೆ ಕೇಳಿದವರಿಗೆ ಅದು ನಿಜವಲ್ಲದೆ ಹೋಗುವುದೂ ಇಲ್ಲ. ಇನ್ನೊಬ್ಬ ಸ್ಪರ್ಧಿ, ಕಲಾವಿದ ಜೇಮ್ಸ್ ಸ್ನಾಡ್‌ಗ್ರಾಸ್, ತನಗೆ ಕೊಟ್ಟ ಉತ್ತರಗಳನ್ನು ಪ್ರಸಾರಕ್ಕೆ ಮೊದಲೇ ಬರೆದು 1957ರಲ್ಲಿ ತನಗೇ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿಕೊಂಡಿದ್ದನು. ತೆರೆಯದ ಆ ಲಕೋಟೆಯ ಮೇಲಿನ ಅಂಚೆಮುದ್ರೆಯೇ ಸಾಕ್ಷಿಯಾಯಿತು. ವ್ಯಾಪಾರಿಯಾದ ನನಗೆ ಇಡೀ ಪ್ರಕರಣದಲ್ಲಿ ಹೆಚ್ಚು ಹಿಡಿಸಿದ ವಿವರವಿದು.

ಚಾರ್ಲ್ಸ್ ಮೊದಲು ಗ್ರಾಂಡ್ ಜ್ಯೂರಿಯ ಮುಂದೆ ಸುಳ್ಳು ಹೇಳಿ, 1959ರ ನವೆಂಬರ್ 2ರಂದು ಸಂಸತ್ತಿನ ಉಪಸಮಿತಿಯ ಮುಂದೆ ನಿಜ ನುಡಿದನು. ಹಲವು ಸದಸ್ಯರು ಅವನನ್ನು ಹೊಗಳಿದರು. ಪ್ರಾಯಕ್ಕೆ ಬಂದವನು ನಿಜ ಹೇಳಿದ್ದಕ್ಕೆ ಹೊಗಳಿಕೆಯೇಕೆಂದು ಡೆರೂನಿಯನ್ ಎಂಬ ಸದಸ್ಯರು ಕೇಳಿದರು. ಇಂತಹ ಸ್ಪರ್ಧೆಯನ್ನು ಕೃತಕವಾಗಿ ನಡೆಸುವುದು ಆಗ ಅಪರಾಧವೇ ಆಗಿರಲಿಲ್ಲ. ಕಾನೂನು ಬಂದದ್ದು 1960ರಲ್ಲಿ. ವ್ರತವು ಕಾನೂನಿಗಾಗಿ ಕಾಯುವುದಿಲ್ಲವೆಂಬ ಸೂಕ್ಷ್ಮವನ್ನು ಚಿತ್ರ ಮುಟ್ಟಿಯೂ ಬಿಟ್ಟುಬಿಟ್ಟಿದೆ.

ಒಂದು ಸಂಗತಿ ಮಾತ್ರ ಚಿತ್ರದೊಳಗೆ ಬರಲು ಸಾಧ್ಯವೇ ಇರಲಿಲ್ಲ. ಇದೇ ಚಿತ್ರಕ್ಕೆ ಸಲಹೆಗಾರನಾಗಲು ತನಗೆ 1,00,000 ಡಾಲರ್ ನೀಡಲು ಮುಂದಾಗಿದ್ದರೆಂದೂ, ಮನಸ್ಸು ಆ ಕಡೆಗೆ ಎಳೆದರೂ ಹೆಂಡತಿಯ ಮಾತಿಗೆ ಮಣಿದು ಬಿಟ್ಟೆನೆಂದೂ ಚಾರ್ಲ್ಸ್ ವ್ಯಾನ್ ಡೋರನ್ 2008ರಲ್ಲಿ ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಬರೆದನು.